ಶನಿವಾರ ರಾತ್ರಿ, ಮಾಳಿಗೆ ಮೇಲೆ

ನಾಳೆ ನಮ್ಮ ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಕರ್ತನ ಭೋಜನ; ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುತ್ತೇವೆ. ಬೀದರ್‌ನಲ್ಲಿ ರಾತ್ರಿಯಾದರೂ ಝಳ ಇಳಿದಿಲ್ಲ. ಮಾಳಿಗೆ ಮೇಲೆ ಚಾಪೆ ಹಾಸಿ ಕುಳಿತಿದ್ದೇನೆ. ಭೋಜನದ ಹಿಂದಿನ ರಾತ್ರಿ ಅವ್ವನೂ ಹೀಗೇ ಒಬ್ಬಳೇ ಕುಳಿತುಕೊಳ್ಳುತ್ತಿದ್ದಳು. ರೊಟ್ಟಿ ತಿಂದು ಪಾತ್ರೆಯಲ್ಲಿ ಕುಡಿಯುವ ಮೊದಲು ಪ್ರತಿಯೊಬ್ಬರೂ ತಮ್ಮನ್ನು ಪರೀಕ್ಷಿಸಿಕೊಳ್ಳಬೇಕು ಅಂತ ಯೇಸುವಿನ ಸುವಾರ್ತೆ ಸಾರಿದ ಪೌಲ ಕೊರಿಂಥದ ಸಭೆಯವರಿಗೆ ಬರೆದದ್ದು ಇದನ್ನೇ ಅಲ್ವಾ (1 ಕೊರಿಂಥ 11:28).

'ನನ್ನ ಪಾಪ ಕ್ಷಮಿಸು' ಅನ್ನುವುದು ನನಗೆ ಸಲೀಸು. ಯಾವ ಪಾಪ, ಯಾರ ಮೇಲೆ, ಎಷ್ಟು ಗಂಟೆಗೆ ಅಂತ ಹೇಳುವುದೇ ಕಷ್ಟ.

ಇವತ್ತು ಹೇಳಿದೆ. ಬುಧವಾರ ಮಧ್ಯಾಹ್ನ. ಜೋಳದ ರೊಟ್ಟಿ ತಂದುಕೊಡುವ ಅಕ್ಕ ಎರಡು ದಿನ ತಡವಾಗಿ ಬಂದರು. ಬಾಗಿಲಲ್ಲೇ ನಿಲ್ಲಿಸಿ ಬೈದೆ. ಮಗುವಿಗೆ ಜ್ವರ ಇತ್ತು ಅಂದರು, ಮೆಲ್ಲಗೆ. ನಾನು ಕೇಳಿಸಿಕೊಂಡೆ, ಆದರೂ ಸುಮ್ನೆ ಬಾಗಿಲು ಹಾಕಿದೆ.

ಮೆಥಡಿಸ್ಟ್ ಸಭೆಗೆ ಬುನಾದಿ ಹಾಕಿದ ಜಾನ್ ವೆಸ್ಲಿ ಆಕ್ಸ್‌ಫರ್ಡ್‌ನಲ್ಲಿದ್ದಾಗ ದಿನದ ನಡತೆಯನ್ನು ಡೈರಿಯಲ್ಲಿ ಬರೆದು ತಮ್ಮನ್ನೇ ಪ್ರಶ್ನೆ ಕೇಳಿಕೊಳ್ಳುತ್ತಿದ್ದರು. ನನಗೆ ಅಷ್ಟು ಶಿಸ್ತು ಇಲ್ಲ. ಆದರೆ ಬೈಬಲಿನ 139ನೇ ಕೀರ್ತನೆಯ ಕೊನೆ ನನ್ನನ್ನು ಹಿಡಿದು ನಿಲ್ಲಿಸುತ್ತದೆ. ಅಲ್ಲಿ ದಾವೀದ ತಾನೇ ತನ್ನನ್ನು ಕೆದಕುತ್ತಾ ಕೂರುವುದಿಲ್ಲ, ದೇವರೇ ನೀನು ನೋಡು ಅನ್ನುತ್ತಾನೆ. ಒಬ್ಬಳೇ ನೋಡಿಕೊಂಡರೆ ಒಂದೋ ನೆಪ ಹುಡುಕುತ್ತೇನೆ, ಇಲ್ಲ ಕುಗ್ಗಿಹೋಗುತ್ತೇನೆ. ಆತ ಜೊತೆಗಿದ್ದು ತೋರಿಸಿದರೆ ಅಳು ಬರುತ್ತದೆ, ಭಯ ಆಗುವುದಿಲ್ಲ.

ಆ ಅಕ್ಕನ ಮನೆ ಗೊತ್ತಿದೆ. ಬೆಳಿಗ್ಗೆ ಆರಾಧನೆಗೆ ಮುಂಚೆ ಹೋಗಿ, ಮಗು ಹೇಗಿದೆ ಅಂತ ಮೊದಲು ಕೇಳಬೇಕು.