ಮ್ಯಾಕ್‌ಬೆತ್‌ನನ್ನು ಕೆಡಿಸಿದವರು ಯಾರು?

ಶೇಕ್ಸ್‌ಪಿಯರ್‌ನ ‘ಮ್ಯಾಕ್‌ಬೆತ್’ ಓದಿದವರೂ ಅದನ್ನು ರಂಗದ ಮೇಲೆ ನೋಡಿ ಬಂದವರೂ ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದಿದೆ: ಮಂಥರೆಯ ಮಾತಿಗೆ ಕಿವಿಗೊಟ್ಟು ಕೈಕೇಯಿ ಕೆಟ್ಟಂತೆ, ಮಾಟಗಾತಿಯರ ಮತ್ತು ಹೆಂಡತಿಯ ಮಾತು ಕೇಳಿ ಸ್ಕಾಟ್ಲೆಂಡಿನ ಈ ಶೂರ ಸೇನಾಪತಿಯೂ ಕೆಟ್ಟನಲ್ಲವೇ? ಅಲ್ಲ ಎಂಬುದು ನನ್ನ ಉತ್ತರ. ಆಸೆ ಮೊದಲಿನಿಂದಲೂ ಅವನದೇ; ಅದು ಕೈಗೂಡಿದ ಮೇಲೆ ಅವನ ವಿವೇಚನೆಯನ್ನು ತಿಂದುಹಾಕಿದ್ದು ಅಧಿಕಾರ ಕೈತಪ್ಪೀತೆಂಬ ಭಯ.

ಮಾಟಗಾತಿಯರು ‘ಮುಂದೆ ದೊರೆಯಾಗುವೆ’ ಎನ್ನುತ್ತಾರೆಯೇ ಹೊರತು ‘ಕೊಲ್ಲು’ ಎಂದು ಒಮ್ಮೆಯೂ ಹೇಳುವುದಿಲ್ಲ. ಅದೇ ಬಯಲಿನಲ್ಲಿ ಜೊತೆಗಿದ್ದ ಗೆಳೆಯ, ಸೇನಾಪತಿ ಬ್ಯಾಂಕೋಗೂ ಅವನ ಸಂತತಿ ಪಟ್ಟವೇರುವುದೆಂಬ ಭವಿಷ್ಯ ಸಿಗುತ್ತದೆ; ಅವನ ಮನಸ್ಸೂ ಕದಡುತ್ತದೆ, ಆದರೆ ಅವನು ಯಾರ ಮೇಲೂ ಕತ್ತಿ ಎತ್ತುವುದಿಲ್ಲ. ಮ್ಯಾಕ್‌ಬೆತ್‌ನಿಗಾದರೋ ಕಾಡರ್‌ನ ಸಾಮಂತಪದವಿ ತನ್ನದಾಯಿತೆಂಬ ಸುದ್ದಿ ತಲುಪಿದ ಕ್ಷಣದಲ್ಲೇ ಕೊಲೆಯ ಯೋಚನೆ ಸುಳಿದು ಮೈ ನಡುಗುತ್ತದೆ. ಆಗಿನ್ನೂ ಹೆಂಡತಿ ರಂಗದ ಮೇಲೇ ಬಂದಿಲ್ಲ.

ಇತಿಹಾಸದ ಮ್ಯಾಕ್‌ಬೆತ್ 1040ರಿಂದ 1057ರವರೆಗೆ ಸ್ಕಾಟ್ಲೆಂಡನ್ನು ಆಳಿದವನು. ನಾಟಕದಲ್ಲಿ ಅವನ ಕೈಯಲ್ಲಿ ಕೊಲೆಯಾಗುವ ದೊರೆ ಡಂಕನ್ ನಿಜದಲ್ಲಿ ಸತ್ತದ್ದು ಯುದ್ಧದಲ್ಲಿ. ಶೇಕ್ಸ್‌ಪಿಯರ್ ಕಥೆಯನ್ನು ಎತ್ತಿಕೊಂಡ ಹಾಲಿನ್‌ಶೆಡ್‌ನ ಚರಿತ್ರೆಯಲ್ಲಿ ಡಂಕನ್ ಮೆದು ಸ್ವಭಾವದ ದುರ್ಬಲ ದೊರೆ, ಬ್ಯಾಂಕೋ ಸಂಚಿನ ಪಾಲುದಾರ, ಮ್ಯಾಕ್‌ಬೆತ್‌ನ ಮೊದಲ ಹತ್ತು ವರ್ಷದ ಆಳ್ವಿಕೆ ಒಳ್ಳೆಯದೇ. ನಾಟಕದಲ್ಲಿ ಇವೊಂದೂ ಉಳಿದಿಲ್ಲ. ಬ್ಯಾಂಕೋವಿನ ವಂಶದವನೆಂದು ಹೇಳಿಕೊಳ್ಳುತ್ತಿದ್ದ ಒಂದನೆಯ ಜೇಮ್ಸ್ ಆಗ ಇಂಗ್ಲೆಂಡಿನ ಸಿಂಹಾಸನದಲ್ಲಿದ್ದುದೂ ಇದಕ್ಕೆ ಒಂದು ಕಾರಣವಿರಬಹುದು. ಆದರೆ ಪರಿಣಾಮವಾಗಿ ನಾಯಕನಿಗೆ ಒಂದು ನೆಪವೂ ಇಲ್ಲದಂತಾಯಿತು.

ಅದನ್ನು ಅವನೇ ಒಪ್ಪಿಕೊಳ್ಳುತ್ತಾನೆ. ಮೊದಲ ಅಂಕದ ಕೊನೆಯಲ್ಲಿ, ಒಳಗೆ ದೊರೆಗೆ ಔತಣ ನಡೆಯುತ್ತಿರುವಾಗ, ಪಂಕ್ತಿ ಬಿಟ್ಟು ಎದ್ದು ಬಂದು ಒಬ್ಬನೇ ನಿಂತು ಲೆಕ್ಕ ಹಾಕುತ್ತಾನೆ: ಡಂಕನ್ ತನಗೆ ಬಂಧು, ಒಡೆಯ, ಮೇಲಾಗಿ ಇಂದು ಅತಿಥಿ, ಬಾಗಿಲು ಕಾಯಬೇಕಾದವನು ತಾನೇ ಕತ್ತಿ ಹಿಡಿಯುವುದೇ? ಮಹತ್ವಾಕಾಂಕ್ಷೆಯ ಹೊರತು ತನಗೆ ಬೇರೆ ಪ್ರೇರಣೆಯಿಲ್ಲ ಎಂದು ಕಂಡುಕೊಂಡು, ಈ ಕೆಲಸ ಬೇಡ ಎಂದು ಹೆಂಡತಿಗೂ ಹೇಳುತ್ತಾನೆ. ಅವಳು ಅವನ ಗಂಡಸುತನವನ್ನೇ ಕೆಣಕಿ ಆ ಹಿಂಜರಿಕೆಯನ್ನು ಮುರಿಯುತ್ತಾಳೆ, ನಿಜ. ಆದರೆ ಇಲ್ಲದ ಆಸೆಯನ್ನು ಅವಳು ಹುಟ್ಟಿಸಲಿಲ್ಲ.

ಡಂಕನ್ನನನ್ನು ಕೊಂದು ಪಟ್ಟವೇರಿದ ಮೇಲೆ, ಬ್ಯಾಂಕೋವಿನ ಕೊಲೆಯ ಹೊತ್ತಿಗೆ ಈ ಲೆಕ್ಕದ ಸ್ವರೂಪವೇ ಬದಲಾಗಿರುತ್ತದೆ. ಸರಿಯೋ ತಪ್ಪೋ ಎಂದು ಈಗ ಅವನು ಕೇಳಿಕೊಳ್ಳುವುದಿಲ್ಲ. ಪಟ್ಟ ಭದ್ರವೇ, ತನ್ನ ನಂತರ ಅದು ಯಾರ ಮಕ್ಕಳಿಗೆ ಹೋದೀತು ಎಂಬುದೇ ಚಿಂತೆ. ರಣರಂಗದಲ್ಲಿ ಎದುರೆದುರು ನಿಂತು ಕಾದಿದ ವೀರ ಕೂಲಿ ಕೊಲೆಗಡುಕರನ್ನು ಕರೆಸಿ, ಹೆಂಡತಿಗೆ ವಿಷಯ ಬಿಚ್ಚಿ ಹೇಳದೆ, ಗೆಳೆಯನನ್ನು ದಾರಿಯಲ್ಲಿ ಮುಗಿಸುತ್ತಾನೆ. ನಾಟಕದ ನಿಜವಾದ ತಿರುವು ಡಂಕನ್ನನ ಕೊಲೆಯಲ್ಲ, ಇದು ಎಂದೇ ನನ್ನ ಅಭಿಪ್ರಾಯ.

ಮೂರನೆಯ ಕೊಲೆಗೆ ಯೋಚನೆಯೇ ಇಲ್ಲ. ತನಗೆ ಎದುರಾದ ಸಾಮಂತ ಮ್ಯಾಕ್‌ಡಫ್ ಇಂಗ್ಲೆಂಡಿಗೆ ಓಡಿಹೋದನೆಂದು ತಿಳಿದ ಮೇಲೂ ಅವನ ಮಡದಿ ಮಕ್ಕಳನ್ನು ಕೊಲ್ಲಿಸುತ್ತಾನೆ. ಇನ್ನು ಮುಂದೆ ಮನಸ್ಸಿಗೆ ಬಂದದ್ದು ಬಂದ ಕೂಡಲೇ ಕೈಯಲ್ಲಿ ನಡೆಯಬೇಕು ಎಂದು ಸ್ವತಃ ನಿಶ್ಚಯಿಸಿಕೊಂಡಿರುತ್ತಾನೆ. ಆ ಕೊಲೆಗಳಿಂದ ಅವನ ಸಿಂಹಾಸನಕ್ಕೆ ಕವಡೆ ಕಾಸಿನ ಲಾಭವೂ ಇಲ್ಲ.

ಎಲ್ಲವನ್ನೂ ಹೆಂಡತಿಯ ತಲೆಗೆ ಕಟ್ಟುವವರು ಐದನೆಯ ಅಂಕದಲ್ಲಿ ನಿದ್ದೆಗಣ್ಣಿನಲ್ಲಿ ನಡೆದಾಡುವ ಅವಳ ಮಾತನ್ನು ಇನ್ನೊಮ್ಮೆ ಓದಬೇಕು. ಫೈಫ್‌ನ ಒಡೆಯ ಮ್ಯಾಕ್‌ಡಫ್‌ಗೆ ಹೆಂಡತಿಯೊಬ್ಬಳಿದ್ದಳಲ್ಲ, ಅವಳೀಗ ಎಲ್ಲಿ ಎಂದು ಅವಳು ಕೇಳುತ್ತಾಳೆ. ಆ ಕೊಲೆಯಲ್ಲಿ ಅವಳ ಪಾಲು ಇತ್ತೆಂದು ನಾಟಕ ಎಲ್ಲಿಯೂ ಹೇಳುವುದಿಲ್ಲ. ಆದರೂ ಅದು ಅವಳ ನಿದ್ದೆಯನ್ನು ಕೆಡಿಸಿದೆ, ಅದನ್ನು ಮಾಡಿಸಿದವನು ಮಾತ್ರ ಕೊನೆಯಲ್ಲಿ ಮ್ಯಾಕ್‌ಡಫ್ ಎದುರಿಗೆ ಬಂದು ನಿಲ್ಲುವವರೆಗೂ ಅದರ ಮಾತೆತ್ತುವುದಿಲ್ಲ.