ಚಪ್ಪಾಳೆ ಇರುವ ಹಾಡು ಬೇಡ

ಇವತ್ತು ಬೆಳಿಗ್ಗೆ ಬೀನ್ಸ್ ಹೆಚ್ಚುತ್ತಾ ಸುಮ್ನೆ ಬಿಬಿಸಿಯ ಹಳೇ ರೆಕಾರ್ಡಿಂಗ್ ಒಂದು ಹಾಕಿಕೊಂಡಿದ್ದೆ. ‘ಮ್ಯೂಸಿಕ್ ವೈಲ್ ಯು ವರ್ಕ್’ ಅಂತ. ಸ್ವಲ್ಪ ಹೊತ್ತಾದ ಮೇಲೆ ನೋಡಿದರೆ ಚಾಕು ಬ್ಯಾಂಡಿನ ತಾಳಕ್ಕೇ ಓಡುತ್ತಿದೆ, ಬೀನ್ಸೆಲ್ಲಾ ಒಂದೇ ಅಳತೆ!

ಅದಕ್ಕೇ ಮಾಡಿದ್ದಂತೆ ಈ ಕಾರ್ಯಕ್ರಮ. ಶುರುವಾಗಿದ್ದು 1940ರ ಜೂನ್ 23ಕ್ಕೆ, ಫ್ರಾನ್ಸ್ ಜರ್ಮನಿಯ ಮುಂದೆ ಮಂಡಿಯೂರಿ ಕದನವಿರಾಮಕ್ಕೆ ಸಹಿ ಹಾಕಿದ ಮರುದಿನ. ಬ್ರಿಟನ್ನಿನ ಕಾರ್ಖಾನೆಗಳಲ್ಲಿ ಕೈ ಸೋತು ಕಣ್ಣು ಎಳೆಯುವ ಹೊತ್ತು ನೋಡಿಕೊಂಡು, ಬೆಳಿಗ್ಗೆ ಅರ್ಧ ಗಂಟೆ, ಮಧ್ಯಾಹ್ನ ಅರ್ಧ ಗಂಟೆ ಲೌಡ್‌ಸ್ಪೀಕರಿನಲ್ಲಿ ಹಾಡು. ಮಾತು ಆದಷ್ಟು ಕಮ್ಮಿ. ನಿದ್ದೆ ಬರಿಸುವ ಹಾಡು ಬೇಡ, ಸದ್ದು ಒಂದೇ ಸಮ ಇರಬೇಕು, ಇಲ್ಲದಿದ್ದರೆ ಯಂತ್ರಗಳ ಗದ್ದಲದಲ್ಲಿ ಏನೂ ಕೇಳಿಸಲ್ಲ.

ನನಗೆ ಜಾಸ್ತಿ ಇಷ್ಟವಾಗಿದ್ದು ಬೇರೆ ವಿಷಯ. ‘ಡೀಪ್ ಇನ್ ದಿ ಹಾರ್ಟ್ ಆಫ್ ಟೆಕ್ಸಾಸ್’ ಅನ್ನುವ ಅಮೆರಿಕದ ಹಾಡನ್ನು ಇದರಲ್ಲಿ ಹಾಕಬಾರದು ಅಂತ ಬಿಬಿಸಿ ನಿಷೇಧ ಮಾಡಿತ್ತು. ಅಶ್ಲೀಲ ಏನಿಲ್ಲ. ಮಧ್ಯೆ ಮಧ್ಯೆ ನಾಲ್ಕು ಚಪ್ಪಾಳೆ ಬರುತ್ತೆ, ಅಷ್ಟೇ. ಜನ ಕೈಯಲ್ಲಿದ್ದ ಕೆಲಸ ಬಿಟ್ಟು ಚಪ್ಪಾಳೆ ತಟ್ಟಿಬಿಟ್ಟರೆ, ಇಲ್ಲಾ ಸ್ಪ್ಯಾನರ್‌ನಲ್ಲೇ ಯಂತ್ರಕ್ಕೆ ಬಾರಿಸಿದರೆ ಅನ್ನೋ ಭಯ!

ಮೇಲೆ ಬಾಂಬ್ ಬೀಳ್ತಿರೋ ಕಾಲದಲ್ಲಿ ಯಾರೋ ಆಫೀಸಿನಲ್ಲಿ ಕೂತು ಈ ನಾಲ್ಕು ಚಪ್ಪಾಳೆಗೆ ತಲೆ ಕೆಡಿಸಿಕೊಂಡಿದ್ದಾರೆ ಅಲ್ವಾ.

ಆ ಹಾಡನ್ನೂ ಹುಡುಕಿ ಹಾಕಿದೆ. ಚಾಕು ಕೆಳಗಿಟ್ಟೇ ತಟ್ಟಿದೆ, ಎರಡು ಸಲ. ಬೀನ್ಸ್ ಇನ್ನೂ ಅರ್ಧ ಹಾಗೇ ಇದೆ.