ಕೇಳಿದವರು ಯಾರು?

ಹಿಸ್ಟರಿ ಮೇಡಂ ತೀರಿಕೊಂಡ ಸುದ್ದಿ ಬಂದದ್ದು ನಮ್ಮ ಬ್ಯಾಚಿನ ವಾಟ್ಸಾಪ್ ಗುಂಪಿಗೆ. ಬ್ಯಾಂಕಿನಲ್ಲಿ ಆಗಷ್ಟೇ ಕ್ಯಾಶ್ ಕೌಂಟರ್ ತೆರೆದಿತ್ತು. ಫೋನ್ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತೆ. ಕಣ್ಣ ಮುಂದೆ ಮೊದಲು ಬಂದದ್ದು ಅವರ ಕೆಂಪು ಇಂಕಿನ ಪೆನ್ನು.

2000ನೇ ಇಸವಿ. ನಾವು ಬಿ.ಎ. ಕೊನೆಯ ವರ್ಷದಲ್ಲಿದ್ದೆವು. ಟೆಸ್ಟಿನಲ್ಲಿ ಟರ್ಕಿ ಗಣರಾಜ್ಯದ ಮೊದಲ ಅಧ್ಯಕ್ಷ ಕಮಾಲ್ ಪಾಷಾನ ಸುಧಾರಣೆಗಳ ಬಗ್ಗೆ ಹತ್ತು ಅಂಕದ ಪ್ರಶ್ನೆ ಬಂತು. ನಾನು ಗೈಡಿನಲ್ಲಿದ್ದ ಹಾಗೇ ಬರೆದೆ. 'ಕಮಾಲ್ ಪಾಷಾ 1934ರಲ್ಲಿ ಮಹಿಳೆಯರಿಗೆ ಮತದಾನದ ಹಕ್ಕನ್ನು ನೀಡಿದನು.' ಇತಿಹಾಸದಲ್ಲಿ ಇಡೀ ಕ್ಲಾಸಿಗೆ ನನ್ನದೇ ಜಾಸ್ತಿ ಅಂಕ ಬರುತ್ತಿದ್ದ ಕಾಲ ಅದು. ಪೇಪರ್ ವಾಪಸ್ ಬಂದಾಗ 'ನೀಡಿದನು' ಎಂಬ ಪದದ ಸುತ್ತ ಕೆಂಪು ಸುತ್ತು ಇತ್ತು. ಪಕ್ಕದಲ್ಲಿ ಎರಡೇ ಪದ: 'ಕೇಳಿದವರು ಯಾರು?' ಅಂಕ ಹತ್ತಕ್ಕೆ ಐದು.

ನನಗೆ ಅಳುವೇ ಬಂತು. ಸ್ಟಾಫ್ ರೂಮಿಗೆ ಹೋಗಿ, 'ಮೇಡಂ, ಗೈಡಲ್ಲಿ ಹೀಗೇ ಇದೆ' ಅಂದೆ. ಅವರು ಊಟದ ಡಬ್ಬಿ ಮುಚ್ಚಿಟ್ಟು ಹೇಳಿದರು. 'ಕೊಟ್ಟಿದ್ದು ಸುಳ್ಳಲ್ಲಮ್ಮ. ಆದರೆ ಯಾರೂ ಕೇಳದೇ ಇದ್ದದ್ದನ್ನ ಯಾರಾದ್ರೂ ಕೊಡ್ತಾರಾ? ನಾಳೆ ಕ್ಲಾಸಿಗೆ ಬಾ.'

ಆ 'ನಾಳೆ' ಸುಮಾರು ಮೂರು ವಾರ ನಡೆಯಿತು. ಸಿಲೆಬಸ್ ಅಲ್ಲೇ ನಿಂತಿತು. ಎರಡನೇ ಮಹಾಯುದ್ಧವನ್ನು ಆಮೇಲೆ ಎರಡು ಪಿರಿಯಡ್‌ನಲ್ಲಿ ಮುಗಿಸಿದರು, ಅದರಲ್ಲಿ ನನಗೆ ಒಂದಕ್ಷರವೂ ನೆನಪಿಲ್ಲ. ಟರ್ಕಿಯ ಹೆಂಗಸರು ಮಾತ್ರ ಇವತ್ತಿಗೂ ನೆನಪಿದ್ದಾರೆ, ನಮ್ಮ ಬೀದಿಯವರ ಹಾಗೆ.

ಮೇಡಂ ಹಿಂದಿನ ರಜೆಯಲ್ಲಿ ದೆಹಲಿಗೆ ರಿಫ್ರೆಶರ್ ಕೋರ್ಸಿಗೆ ಹೋಗಿದ್ದರು. ಬರುವಾಗ ಒಂದು ಕಟ್ಟು ಝೆರಾಕ್ಸ್ ತಂದಿದ್ದರು. ಅದನ್ನು ಬಟ್ಟೆಯ ಚೀಲದಲ್ಲಿ, ಛತ್ರಿಯ ಜೊತೆ ಇಟ್ಟುಕೊಂಡು ಬರುತ್ತಿದ್ದರು. ಪಕ್ಕದ ಊರಿಂದ ಬಸ್ಸಿನಲ್ಲಿ ಬರುತ್ತಿದ್ದವರು ಅವರು. ಮಧ್ಯಾಹ್ನದ ಪಿರಿಯಡ್ ಅಂದರೆ ಎಲ್ಲರಿಗೂ ತೂಕಡಿಕೆ. ಮೇಡಂ ದನಿ ಏರಿಸುತ್ತಿರಲಿಲ್ಲ, ಇನ್ನೂ ಇಳಿಸುತ್ತಿದ್ದರು. ಕೇಳಿಸಲಿ ಅಂತ ಹಿಂದಿನ ಬೆಂಚಿನವರೂ ಮುಂದಕ್ಕೆ ಬಾಗುತ್ತಿದ್ದರು.

ಮೊದಲ ದಿನ ಅವರು ನಮ್ಮನ್ನೇ ಕೇಳಿದರು. 'ಹೆಂಗಸರ ಬುದ್ಧಿ ಬಗ್ಗೆ ನಮ್ಮಲ್ಲಿ ಏನು ಗಾದೆ ಇದೆ, ಹೇಳಿ.' ಹಿಂದಿನಿಂದ ಒಬ್ಬ ಹುಡುಗ, 'ಮೊಣಕಾಲ ಕೆಳಗೆ ಮೇಡಂ' ಅಂದ. ಹುಡುಗರು ನಕ್ಕರು. 'ಟರ್ಕಿಯಲ್ಲೂ ಒಂದು ಗಾದೆ ಇದೆ. ಕೂದಲು ಉದ್ದ, ಬುದ್ಧಿ ಗಿಡ್ಡ ಅಂತ' ಎಂದರು ಮೇಡಂ. 1886ರಲ್ಲಿ ಇಸ್ತಾಂಬುಲ್‌ನಲ್ಲಿ ಆರಿಫೆ ಎಂಬ ಹೆಂಗಸು 'ಶುಕೂಫೆಜಾರ್' ಎಂಬ ಪತ್ರಿಕೆ ತೆಗೆದಳಂತೆ. ಶುಕೂಫೆಜಾರ್ ಅಂದರೆ ಹೂದೋಟ. ಒಡತಿ ಹೆಂಗಸು, ಬರೆಯುವವರೂ ಹೆಂಗಸರು. ಗಂಡಸರು ಈ ಗಾದೆ ಹೇಳಿ ನಗುವ ಗುಂಪು ನಾವೇ, ಅದು ಸುಳ್ಳು ಅಂತ ತೋರಿಸುತ್ತೇವೆ ಎಂದು ಅವರು ಆ ಪತ್ರಿಕೆಯಲ್ಲೇ ಬರೆದುಕೊಂಡರು. ಅಷ್ಟು ಹೇಳಿ ಮೇಡಂ ಗಾದೆ ಹೇಳಿದ ಹುಡುಗನ ಕಡೆ ನೋಡಿದರು. ಬೈಯಲಿಲ್ಲ. ಅವನು ಆಮೇಲೆ ಅವರ ದೊಡ್ಡ ಭಕ್ತನಾದ, ಈಗ ಹೈಸ್ಕೂಲಿನಲ್ಲಿ ಸಮಾಜ ಮೇಷ್ಟ್ರು.

ಎಲ್ಲದರ ಮೊದಲು ಬಂದದ್ದು ಶಾಲೆ ಅಂತ ಮೇಡಂ ಮತ್ತೆ ಮತ್ತೆ ಹೇಳುತ್ತಿದ್ದರು. 1859ರ ಹೊತ್ತಿಗೆ ಇಸ್ತಾಂಬುಲ್‌ನಲ್ಲಿ ಹೆಣ್ಣುಮಕ್ಕಳಿಗೆ ಪ್ರೈಮರಿಯಿಂದ ಮೇಲಿನ ಶಾಲೆ ಶುರುವಾಯಿತು. 1869ರ ಕಾನೂನಿನಲ್ಲಿ ಹುಡುಗಿಯರಿಗೂ ಪ್ರಾಥಮಿಕ ಶಿಕ್ಷಣ ಕಡ್ಡಾಯ ಎಂದು ಬರೆದರು. ಅವರಿಗೆ ಕಲಿಸಲು ಹೆಂಗಸರೇ ಬೇಕಲ್ಲ, 1870ರಲ್ಲಿ ಶಿಕ್ಷಕಿಯರ ಟ್ರೈನಿಂಗ್ ಕಾಲೇಜು ತೆರೆಯಿತು. 'ಓದು ಬಂತು ಅಂದ್ರೆ ಮುಂದೆ ಪತ್ರ ಬರೀತಾರೆ. ಪತ್ರ ಬರೆದ್ರು ಅಂದ್ರೆ ಏನಾದ್ರೂ ಕೇಳೇ ಕೇಳ್ತಾರೆ' ಅನ್ನುತ್ತಿದ್ದರು.

ಹಾಗೇ ಆಯಿತು. ಅದೇ ಕಾಲದಲ್ಲಿ ಹೆಂಗಸರು ಪತ್ರಿಕೆಗೆ ಬರೆದ ಕಾಗದಗಳಲ್ಲಿ ಒಂದು ದೂರು ಇತ್ತು. ಇಸ್ತಾಂಬುಲ್‌ನಲ್ಲಿ ಸಮುದ್ರ ದಾಟಲು ಹಬೆ ದೋಣಿ. ಟಿಕೆಟ್ ದುಡ್ಡು ಗಂಡಸರಿಗೂ ಹೆಂಗಸರಿಗೂ ಒಂದೇ. ಆದರೆ ಹೆಂಗಸರಿಗೆ ಕೊಡುವ ಜಾಗ ಮಾತ್ರ ಕೆಟ್ಟದ್ದು. ದುಡ್ಡು ಒಂದೇ ಆದರೆ ಜಾಗ ಯಾಕೆ ಒಂದೇ ಅಲ್ಲ? ಈ ಮಾತು ನನ್ನನ್ನು ಚುಚ್ಚಿತು. ಯಾಕೆ ಅಂತ ಮುಂದೆ ಹೇಳುತ್ತೇನೆ.

ಫಾತ್ಮಾ ಆಲಿಯೆ ಮೇಡಂಗೆ ಬಲು ಇಷ್ಟ. 1862ರಲ್ಲಿ ದೊಡ್ಡ ಮಂತ್ರಿಯ ಮನೆಯಲ್ಲಿ ಹುಟ್ಟಿದವಳು. ಫ್ರೆಂಚ್ ಕಲಿತು ಒಂದು ಕಾದಂಬರಿಯನ್ನು ಟರ್ಕಿ ಭಾಷೆಗೆ ತಂದಳು. ಆದರೆ ಅದಕ್ಕೆ ತನ್ನ ಹೆಸರು ಹಾಕಲಿಲ್ಲ. 'ಒಬ್ಬ ಹೆಂಗಸು' ಅಂತ ಮಾತ್ರ ಹಾಕಿದಳು. ಮುಂದೆ 1892ರಲ್ಲಿ ತನ್ನದೇ ಕಾದಂಬರಿ ಬಂದಾಗ ಸ್ವಂತ ಹೆಸರಿತ್ತು. 'ಒಬ್ಬ ಹೆಂಗಸಿನಿಂದ ಫಾತ್ಮಾ ಆಲಿಯೆವರೆಗೆ. ಆ ದಾರಿ ಎಷ್ಟು ಉದ್ದ ಗೊತ್ತಾ' ಅನ್ನುವಾಗ ಮೇಡಂ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು.

ಸುಲ್ತಾನ ತಡೆಹಿಡಿದಿದ್ದ ಸಂವಿಧಾನ 1908ರಲ್ಲಿ ವಾಪಸ್ ಬಂತು. ಬೀದಿ ತುಂಬಾ ಸ್ವಾತಂತ್ರ್ಯದ ಮಾತು. ಹೆಂಗಸರ ಪತ್ರಿಕೆಗಳು, ಸಂಘಗಳು ಒಂದರ ಹಿಂದೆ ಒಂದು ಹುಟ್ಟಿದವು. 1913ರಲ್ಲಿ ಉಲ್ವಿಯೆ ಎಂಬ ಇಪ್ಪತ್ತರ ಆಸುಪಾಸಿನ ಹುಡುಗಿ, ಸರ್ಕೇಸಿಯನ್ ಮನೆತನದವಳು, 'ಹೆಂಗಸರ ಲೋಕ' ಎಂಬ ಅರ್ಥದ ಪತ್ರಿಕೆ ಶುರುಮಾಡಿದಳು. ಮೊದಲ 100 ಸಂಚಿಕೆ ದಿನಪತ್ರಿಕೆಯಾಗಿಯೇ ಬಂತು. ಹೆಂಗಸರಿಗೆ ಹಕ್ಕು ಸಿಗುವ ತನಕ ಗಂಡಸರ ಬರಹ ಹಾಕುವುದಿಲ್ಲ ಅಂತ ಅದರ ಹಟ. ಅದೇ ವರ್ಷ ಹೆಂಗಸರ ಹಕ್ಕು ಕಾಯುವ ಸಂಘವನ್ನೂ ಕಟ್ಟಿದಳು.

ಆ ಸಂಘ ಮಾಡಿದ ಒಂದು ಕೆಲಸ ನನಗೆ ಇವತ್ತಿಗೂ ರೋಮಾಂಚನ. ಇಸ್ತಾಂಬುಲ್‌ಗೆ ಆಗ ಟೆಲಿಫೋನ್ ಬಂದಿತ್ತು, ಕಂಪನಿ ವಿದೇಶಿಯರದ್ದು. ಬೆದ್ರಾ ಉಸ್ಮಾನ್ ಎಂಬಾಕೆ ಆಪರೇಟರ್ ಕೆಲಸಕ್ಕೆ ಅರ್ಜಿ ಹಾಕಿದಳು. ಆಗುವುದಿಲ್ಲ ಅಂದರು. ಪತ್ರಿಕೆ ಬಿಡಲಿಲ್ಲ, ದಿನವೂ ಬರೆಯಿತು. ವರ್ಷ ಮುಗಿಯುವುದರೊಳಗೆ ಏಳು ಮುಸ್ಲಿಂ ಹೆಂಗಸರಿಗೆ ಅಲ್ಲಿ ಕೆಲಸ ಸಿಕ್ಕಿತು. ಮೇಡಂ ಇದನ್ನು ಹೇಳುವಾಗ ನಮ್ಮೂರ ಬಸ್ ಸ್ಟ್ಯಾಂಡಿನ ಎಸ್‌ಟಿಡಿ ಬೂತಿನಲ್ಲಿ ನಮ್ಮ ಸೀನಿಯರ್ ಅಕ್ಕ ಒಬ್ಬರು ಕೂರುತ್ತಿದ್ದರು. ಅದು ಒಂದು ದೊಡ್ಡ ವಿಷಯ ಅಂತ ನಮಗೆ ಅಲ್ಲಿಯವರೆಗೆ ಅನಿಸಿಯೇ ಇರಲಿಲ್ಲ.

ಮತ್ತೆ ಬೆಲ್ಕಿಸ್ ಶೆವ್ಕೆತ್. ಅದೇ ಸಂಘದವಳು. 1913ರ ಕೊನೆಯಲ್ಲಿ ಫೆತ್ಹಿ ಬೇ ಎಂಬ ಸೇನೆಯ ಪೈಲಟ್ ಜೊತೆ ವಿಮಾನ ಹತ್ತಿದಳು. ಆ ಕಾಲದ ವಿಮಾನ ಅಂದರೆ ಮರ, ಬಟ್ಟೆ, ತಂತಿ. ಅದೇ ಪೈಲಟ್ ಕೆಲವೇ ತಿಂಗಳಲ್ಲಿ ವಿಮಾನ ಬಿದ್ದು ಸತ್ತ. ಅಂಥದ್ದರಲ್ಲಿ ಕೂತು ಬೆಲ್ಕಿಸ್ ಇಸ್ತಾಂಬುಲ್ ಮೇಲೆ ಹಾರಿ, ಆಕಾಶದಿಂದ ಸಂಘದ ಚೀಟಿಗಳನ್ನು ಎಸೆದಳು.

ಚೀಟಿ! ನಾವು ಮೂವರು ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ನಮ್ಮ ಲೈಬ್ರರಿಯ ಓದುವ ಕೋಣೆಯಲ್ಲಿ ಎಂಟು ಮೇಜುಗಳಿದ್ದವು. ಎಂಟೂ ಹುಡುಗರಿಗೆ. ಹುಡುಗಿಯರು ಕೌಂಟರಿನಲ್ಲಿ ಪುಸ್ತಕ ತೆಗೆದುಕೊಂಡು ಲೇಡೀಸ್ ರೂಮಿಗೆ ಹೋಗಬೇಕು. ಅಲ್ಲಿ ಎರಡು ಬೆಂಚು, ಒಂದು ಮಡಕೆ ನೀರು, ಉರಿಯದ ಟ್ಯೂಬ್‌ಲೈಟ್. ಲೈಬ್ರರಿ ಫೀಸು ಮಾತ್ರ ಎಲ್ಲರಿಗೂ ಒಂದೇ. ದೋಣಿಯ ಟಿಕೆಟ್ ಹಾಗೇ, ಅಲ್ವಾ?

ಪ್ಲಾನ್ ನನ್ನದು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಹಳೆಯ ನೋಟ್ ಪುಸ್ತಕಗಳ ಖಾಲಿ ಹಾಳೆ ಹರಿದು, ಕಾರ್ಬನ್ ಇಟ್ಟು, ಎರಡು ರಾತ್ರಿ ಬರೆದೆವು. 'ಫೀಸು ಎಲ್ಲರಿಗೂ ಒಂದೇ. ಕೂರಲು ಜಾಗ ಹುಡುಗರಿಗೆ ಮಾತ್ರ ಯಾಕೆ?' ಇನ್ನೂರು ಚೀಟಿಗಳಾದವು. ಕಾಲೇಜ್ ಡೇ ದಿನ, ಮುಖ್ಯ ಅತಿಥಿಗಳು ಮಾತಿಗೆ ನಿಂತಾಗ, ಮೊದಲ ಮಹಡಿಯ ಕಾರಿಡಾರಿನಿಂದ ಮೂವರೂ ಒಟ್ಟಿಗೆ ಕೆಳಕ್ಕೆ ಸುರಿದೆವು. ಆ ದಿನ ಗಾಳಿ ನಮ್ಮ ಪರವಾಗಿತ್ತು. ಶಾಮಿಯಾನದ ಮೇಲೆ, ಕುರ್ಚಿಗಳ ಮೇಲೆ, ವೇದಿಕೆಯ ಮೇಲೆ ಚೀಟಿಯೋ ಚೀಟಿ. ಒಂದು ಅತಿಥಿಗಳ ಹಾರದೊಳಗೇ ಸಿಕ್ಕಿಕೊಂಡಿತು. ಅವರು ಅದನ್ನು ತೆಗೆದು ಓದಿ ಜೇಬಿಗೆ ಹಾಕಿಕೊಂಡರು.

ಮಾರನೆಯ ದಿನ ವಿಚಾರಣೆ. ಪ್ರಿನ್ಸಿಪಾಲರ ಮೇಜಿನ ಮೇಲೆ ಚೀಟಿಗಳ ರಾಶಿ. ಅಕ್ಷರ ಗುರುತಿಸಲು ಕನ್ನಡ ಮೇಷ್ಟ್ರನ್ನು ಕರೆಸಿದರು. ನಮ್ಮ ಮೇಷ್ಟ್ರು ಏನನ್ನಾದರೂ ಕ್ಷಮಿಸಿಯಾರು, ಅಲ್ಪಪ್ರಾಣ ಮಹಾಪ್ರಾಣದ ತಪ್ಪನ್ನು ಕ್ಷಮಿಸುವವರಲ್ಲ. ಮೂರು ವರ್ಷ ನನ್ನ ಪ್ರಬಂಧ ತಿದ್ದಿದವರು. ನನ್ನ 'ಳ' ಬಾಲವನ್ನು ಕತ್ತಲಲ್ಲಿ ತೋರಿಸಿದರೂ ಗುರುತು ಹಿಡಿಯುತ್ತಿದ್ದರು. ಬಾಗಿಲ ಹೊರಗೆ ನಿಂತಿದ್ದ ನಮಗೆ ಅವರ ಮಾತು ಕೇಳಿಸಿತು. 'ಕಾಗುಣಿತ ಎಲ್ಲಾ ಸರಿ ಇದೆ ಸಾರ್. ಬೇರೇನೂ ನನಗೆ ಕಾಣಿಸ್ತಿಲ್ಲ.' ಹೊರಗೆ ಬಂದು ನಮ್ಮನ್ನು ನೋಡದೆ, ಬಾಯಲ್ಲಿ ಲವಂಗ ಅಗಿಯುತ್ತಾ ಹೊರಟುಹೋದರು. ಅವರೂ ಈಗ ಇಲ್ಲ.

ಹಿಸ್ಟರಿ ಮೇಡಂ ಒಳಗೆ ಹೋಗಿ, 'ಇದು ನಾನು ಕಲಿಸಿದ ಪಾಠ, ಕೇಳೋದಿದ್ರೆ ನನ್ನನ್ನ ಕೇಳಿ' ಅಂದರಂತೆ. ಅವರಿಗೆ ಮೆಮೊ ಕೊಟ್ಟರು ಅಂತ ನಮಗೆ ತಿಳಿದದ್ದು ವರ್ಷಗಳಾದ ಮೇಲೆ. ಆಗ ನಮಗೆ ಕಂಡದ್ದು ಇಷ್ಟೇ. ರಜೆ ಮುಗಿಸಿ ಬಂದಾಗ ಎಂಟರಲ್ಲಿ ಎರಡು ಮೇಜು ಹುಡುಗಿಯರಿಗೆ ಬಂದಿದ್ದವು. ಆ ವರ್ಷ ನಾನು ಅಲ್ಲೇ ಕೂತು ಓದಿ ಕಾಲೇಜಿಗೆ ಮೊದಲನೆಯವಳಾದೆ.

ಮೇಡಂ ನಮ್ಮನ್ನು ಹೊಗಳಲಿಲ್ಲ. ಮೂವರನ್ನೂ ಹಲಸಿನ ಮರದ ಹತ್ತಿರ ಕರೆದು, 'ಕೇಳಿದ್ದು ಸರಿ. ಹೆಸರು ಯಾಕೆ ಹಾಕ್ಲಿಲ್ಲ?' ಅಂದರು. ನಾವು ತಲೆ ತಗ್ಗಿಸಿದೆವು. 'ಹೋಗ್ಲಿ ಬಿಡಿ. ಫಾತ್ಮಾ ಆಲಿಯೆಯೂ ಮೊದಲು ಹಾಕಿರ್ಲಿಲ್ಲ.'

ಮೂರು ವಾರದ ಕೊನೆಯ ಪಾಠ ನೆಜಿಹೆ ಮುಹಿದ್ದೀನ್ ಬಗ್ಗೆ. 1923ರ ಜೂನ್‌ನಲ್ಲಿ, ಗಣರಾಜ್ಯ ಘೋಷಣೆಗೂ ಮೊದಲೇ, ಆಕೆ ಮತ್ತು ಗೆಳತಿಯರು ಹೆಂಗಸರ ಪಕ್ಷ ಕಟ್ಟಲು ಹೊರಟರು. ಸರ್ಕಾರ ಒಪ್ಪಲಿಲ್ಲ. ಮುಂದಿನ ವರ್ಷ ಅದನ್ನೇ ಸಂಘ ಮಾಡಿಕೊಂಡು ಮತದಾನದ ಹಕ್ಕು ಕೇಳುತ್ತಾ ಹೋದರು. 1930ರಲ್ಲಿ ಪುರಸಭೆಗೆ, 1934ರಲ್ಲಿ ಪಾರ್ಲಿಮೆಂಟಿಗೆ ಮತ ಬಂತು. 1935ರಲ್ಲಿ, ಹಕ್ಕು ಸಿಕ್ಕಿತಲ್ಲ ಎಂದು ಸಂಘವನ್ನೇ ಮುಚ್ಚಲಾಯಿತು. ನೆಜಿಹೆ 1958ರಲ್ಲಿ ಮಾನಸಿಕ ಆಸ್ಪತ್ರೆಯಲ್ಲಿ ತೀರಿಕೊಂಡಳು.

'ಹಾಗಾದರೆ ಗೈಡಿನಲ್ಲಿ ಇವರು ಯಾರೂ ಯಾಕಿಲ್ಲ ಮೇಡಂ?' ಅಂತ ಕೇಳಿದವಳು ನಾನೇ. ಅವರು ಲಿಪಿಯ ಕಥೆ ಹೇಳಿದರು. 1928ರಲ್ಲಿ ಟರ್ಕಿ ಅರಬ್ಬಿ ಅಕ್ಷರ ಬಿಟ್ಟು ಲ್ಯಾಟಿನ್ ಅಕ್ಷರ ಹಿಡಿಯಿತು. ಅಜ್ಜಿಯರು ಬರೆದ ಪತ್ರಿಕೆಗಳು ಮೊಮ್ಮಕ್ಕಳಿಗೆ ಓದಲು ಬಾರದಾದವು. ಅದು ನನಗೆ ತಕ್ಷಣ ಅರ್ಥವಾಯಿತು. ನಮ್ಮ ಮನೆಯ ಅಟ್ಟದ ಪೆಟ್ಟಿಗೆಯಲ್ಲಿ ಹಳೆಯ ಮೋಡಿ ಲಿಪಿಯ ಕಾಗದಗಳಿವೆ. ಅದರಲ್ಲಿ ಏನಿದೆ ಅಂತ ಇವತ್ತಿಗೂ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ.

ನನ್ನ ಮಗಳು ಈಗ ಪಿಯುಸಿ. ಪಾಠದ ಪಿಡಿಎಫ್ ಫೋನಿಗೇ ಬರುತ್ತದೆ. ಟೆಸ್ಟಿನಲ್ಲಿ ನಾಲ್ಕರಲ್ಲಿ ಒಂದಕ್ಕೆ ಗುರುತು ಹಾಕಿದರೆ ಆಯಿತು. ಮಾರ್ಕ್ಸ್ ನಮಗಿಂತ ಜಾಸ್ತಿ ಬರುತ್ತದೆ, ಬರಲಿ, ಸಂತೋಷವೇ. ಆದರೆ ಅವಳ ಪೇಪರಿನಲ್ಲಿ ಯಾರೂ ಒಂದು ಪದಕ್ಕೆ ಸುತ್ತು ಹಾಕಿ ಪ್ರಶ್ನೆ ಬರೆದದ್ದನ್ನು ನಾನು ನೋಡಿಲ್ಲ. ಸಿಲೆಬಸ್ ಪಕ್ಕಕ್ಕಿಟ್ಟು ಮೂರು ವಾರ ಒಂದೇ ವಿಷಯ ಹಿಡಿಯಲು ಇವತ್ತಿನ ಮೇಷ್ಟ್ರುಗಳಿಗೆ ಯಾರು ಬಿಡುತ್ತಾರೆ? ಅವರ ತಪ್ಪು ಅಂತ ನಾನು ಹೇಳುವುದಿಲ್ಲ.

ಹೋದ ವರ್ಷ ನಾನು ಇಸ್ತಾಂಬುಲ್‌ಗೆ ಹೋಗಿದ್ದೆ. ನಮ್ಮ ಬ್ಯಾಚಿನಲ್ಲಿ ಅಲ್ಲಿಗೆ ಹೋದವಳು ನಾನೊಬ್ಬಳೇ. ಎಲ್ಲರೂ ದೀಪ, ಮಿಠಾಯಿ ಕೊಂಡರು. ನಾನು ಒಂದು 50 ಲಿರಾ ನೋಟನ್ನು ಖರ್ಚು ಮಾಡದೆ ಉಳಿಸಿ ತಂದೆ. ದಿನವೂ ನೋಟು ಎಣಿಸುವ ಕೈ ನನ್ನದು, ಇಂಥ ನೋಟು ಹಿಡಿದದ್ದು ಅದೇ ಮೊದಲು. ಅದರ ಮುಂಬದಿಯಲ್ಲಿ ಕಮಾಲ್ ಪಾಷಾ. ಹಿಂಬದಿಯಲ್ಲಿ ಫಾತ್ಮಾ ಆಲಿಯೆ ಇದ್ದಾಳೆ. 2009ರಿಂದ ಇದ್ದಾಳೆ.

ನೇರ ಮೇಡಂ ಮನೆಗೆ ತೆಗೆದುಕೊಂಡು ಹೋದೆ. ಅವರಿಗೆ ಕಣ್ಣು ಮಂಜಾಗಿತ್ತು. ಭೂತಗನ್ನಡಿ ಹಿಡಿದು ಎರಡೂ ಬದಿ ತಿರುಗಿಸಿ ತಿರುಗಿಸಿ ನೋಡಿದರು. 'ಮುಂದೆ ಕೊಟ್ಟವನು, ಹಿಂದೆ ಕೇಳಿದವಳು' ಅಂದರು. ಆಮೇಲೆ, 'ಹೆಸರು ಹಾಕಿದಾರೇನಮ್ಮ?' ಅಂತ ಕೇಳಿದರು. ಹಾಕಿದ್ದಾರೆ ಮೇಡಂ ಅಂದೆ. ಅವರ ಬೆರಳು ಹಿಡಿದು ಆ ಅಕ್ಷರದ ಮೇಲೆ ಇಟ್ಟೆ.

ಈ ಲೇಖನ ಕಳಿಸುವ ಮೊದಲು ಉಳಿದಿಬ್ಬರಿಗೂ ಫೋನ್ ಮಾಡಿದೆ. ಒಬ್ಬಳು ಶಿರಸಿಯಲ್ಲಿದ್ದಾಳೆ, ಇನ್ನೊಬ್ಬಳು ಮಸ್ಕತ್‌ನಲ್ಲಿ. ಇಬ್ಬರೂ 'ಹಾಕು' ಅಂದರು.

ಕಾಲೇಜ್ ಡೇ ದಿನ ಮಹಡಿಯಿಂದ ಚೀಟಿ ಎಸೆದವರು ನಾವು: ಬಿ.ಎ. ಕೊನೆಯ ವರ್ಷ, 2000-01, ರೋಲ್ ನಂಬರ್ 14, 27 ಮತ್ತು 31. ಬರೆದದ್ದು 27.